ನಕಾಶೆಯಲ್ಲಿ ಖಾಲಿಯಾಗಿದ್ದ ಕಾಡು

ನೌಕಾಪಡೆಗೂ ಕಾಡಿಗೂ ಏನು ಸಂಬಂಧ? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದ ಜನರಿಗೆ 1968ರಲ್ಲಿ ಎದುರಾದ ಮೊದಲ ಪ್ರಶ್ನೆ ಇದು. ಸುಪೀರಿಯರ್ ಸರೋವರದ ದಕ್ಷಿಣಕ್ಕೆ ಹಬ್ಬಿರುವ ಈ ಸೀಮೆಯಿಂದ ಅಟ್ಲಾಂಟಿಕ್ ಸಾಗರ ನೂರಾರು ಮೈಲಿ ದೂರ. ಊರುಗಳು ಸಣ್ಣವು, ಚಳಿಗಾಲ ಉದ್ದ. ಹಾಲು ಮಾರುವವರು, ಮರ ಕಡಿಯುವವರು, ಬೇಸಿಗೆಯಲ್ಲಿ ಮೀನು ಹಿಡಿಯಲು ಬರುವ ಪಟ್ಟಣಿಗರಿಗೆ ಕೋಣೆ ಬಾಡಿಗೆಗೆ ಕೊಡುವವರು ಅಲ್ಲಿನ ಜನ. ಇಂಥ ಜಾಗಕ್ಕೆ ನೌಕಾಪಡೆ ಒಂದು ಯೋಜನೆ ಹಿಡಿದುಕೊಂಡು ಬಂತು. ಅದರ ಹೆಸರು 'ಸ್ಯಾಂಗ್ವಿನ್'.

ಕಾರಣ ಇದ್ದದ್ದು ಸಮುದ್ರದ ಉಪ್ಪುನೀರಿನಲ್ಲಿ. ರೇಡಿಯೋ ಅಲೆಗಳು ಗಾಳಿಯಲ್ಲಿ ಎಷ್ಟು ಸಲೀಸಾಗಿ ಹೋಗುತ್ತವೋ ಉಪ್ಪುನೀರಿನಲ್ಲಿ ಅಷ್ಟೇ ಬೇಗ ಸಾಯುತ್ತವೆ. ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳು ಶೀತಲ ಸಮರದ ದಿನಗಳಲ್ಲಿ ತಿಂಗಳುಗಟ್ಟಲೆ ಆಳದಲ್ಲಿ ಅಡಗಿರುತ್ತಿದ್ದವು. ಅವುಗಳ ಬಲವೇ ಈ ಅಡಗುವಿಕೆ. ಆದರೆ ಆಜ್ಞೆ ಕೇಳಬೇಕಾದರೆ ಮೇಲಕ್ಕೆ ಬರಬೇಕು, ಇಲ್ಲವೇ ಆಂಟೆನಾವನ್ನು ಮೇಲಕ್ಕೆ ತೇಲಿಬಿಡಬೇಕು. ಎರಡರಲ್ಲೂ ಸಿಕ್ಕಿಬೀಳುವ ಭಯ. ಅಲೆಯ ಕಂಪನ ಕಡಿಮೆಯಾದಷ್ಟೂ ಅದು ನೀರಿನೊಳಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ಮದುವೆ ಮೆರವಣಿಗೆ ಎರಡು ಬೀದಿ ಆಚೆ ಇದ್ದಾಗ ನಮಗೆ ಹಾಡು ಕೇಳಿಸುವುದಿಲ್ಲ, ಶಹನಾಯಿ ಕೇಳಿಸುವುದಿಲ್ಲ, ದೊಡ್ಡ ಢೋಲಿನ ಗುಂಗು ಮಾತ್ರ ಗೋಡೆ ದಾಟಿ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಗ್ರೀಕ್ ಮೂಲದ ಭೌತವಿಜ್ಞಾನಿ ನಿಕೊಲಸ್ ಕ್ರಿಸ್ಟೊಫಿಲೊಸ್ 1950ರ ದಶಕದ ಕೊನೆಯಲ್ಲಿ ಈ ದಾರಿ ತೋರಿಸಿದರು. ಮುಂದೆ ನೌಕಾಪಡೆ ಬಳಸಿದ ಕಂಪನ ಸೆಕೆಂಡಿಗೆ 76. ಅದರ ಒಂದೊಂದು ಅಲೆಯ ಉದ್ದ ಸುಮಾರು 3,900 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ನಮ್ಮ ದೇಶ ಅದರೊಳಗೆ ಮುಳುಗಿಹೋಗುತ್ತದೆ. ಅಷ್ಟು ಉದ್ದದ ಅಲೆಗೆ ತಕ್ಕ ಕಂಬ ನಿಲ್ಲಿಸುವುದು ಮನುಷ್ಯರಿಂದ ಆಗದ ಮಾತು. ಹಾಗಾಗಿ ಭೂಮಿಯನ್ನೇ ಆಂಟೆನಾದ ಭಾಗ ಮಾಡಿಕೊಳ್ಳಬೇಕು. ಅದಕ್ಕೆ ವಿದ್ಯುತ್ತನ್ನು ಸುಲಭಕ್ಕೆ ಬಿಟ್ಟುಕೊಡದ ಹಳೆಯ ಗಟ್ಟಿ ಬಂಡೆ ಬೇಕು. ತಂತಿಯ ಎರಡು ತುದಿಗಳನ್ನು ನೆಲಕ್ಕೆ ಹೂಳಿದರೆ ವಿದ್ಯುತ್ತು ಆ ಬಂಡೆಯ ಆಳಕ್ಕೆ ಇಳಿದು, ದೊಡ್ಡ ಸುತ್ತು ಹಾಕಿ ಹಿಂದಿರುಗುತ್ತದೆ. ಕೆನಡಾದಿಂದ ಕೆಳಗೆ ಚಾಚಿಕೊಂಡಿರುವ ಅಂಥ ಬಂಡೆ ವಿಸ್ಕಾನ್ಸಿನ್ ಕಾಡಿನ ಅಡಿಯಲ್ಲಿತ್ತು. ನೌಕಾಪಡೆಯ ದೃಷ್ಟಿಯಲ್ಲಿ ಇನ್ನೊಂದು ಅನುಕೂಲವೂ ಇತ್ತು: ಅಲ್ಲಿ ಜನ ಕಡಿಮೆ.

ಯೋಜನೆಯ ಅಳತೆ ಕೇಳಿ. ಸುಮಾರು 22,500 ಚದರ ಮೈಲಿ, ಅಂದರೆ ಆ ರಾಜ್ಯದ ಐದರಲ್ಲಿ ಎರಡು ಪಾಲು ನೆಲದಡಿ 6,000 ಮೈಲಿ ತಂತಿಯನ್ನು ಬಲೆಯಂತೆ ಹೂಳುವುದು. ನಮ್ಮ ಕರ್ನಾಟಕಕ್ಕೆ ಹೋಲಿಸಿದರೆ ಮೂರರಲ್ಲೊಂದು ಪಾಲಿಗೆ ತುಸು ಕಡಿಮೆ. ಕಾಂಕ್ರೀಟ್ ಗೂಡುಗಳಲ್ಲಿ ನೂರು ವಿದ್ಯುತ್ ಕೇಂದ್ರಗಳು, ಒಟ್ಟು 800 ಮೆಗಾವ್ಯಾಟ್. ರಷ್ಯಾದ ಅಣುಬಾಂಬು ಬಿದ್ದ ಮೇಲೂ ಬಲೆಯ ಒಂದಷ್ಟು ಭಾಗ ಉಳಿದು ಆಜ್ಞೆ ಕಳಿಸಬೇಕು ಎಂಬ ಲೆಕ್ಕಾಚಾರ ಅದು. ಬಾಂಬು ಬಿದ್ದ ಮೇಲೆ ಬಲೆಯ ಮೇಲೆ ಬದುಕುತ್ತಿದ್ದವರ ಗತಿ ಏನು ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಆಕರ್ಷಕ ಗುರಿಯೊಂದನ್ನು ತಂದು ಅವರ ಹಿತ್ತಲಲ್ಲಿ ಹೂಳುತ್ತಿದ್ದರು, ಅಷ್ಟೆ.

ಹೆಸರಿನ ಬಗ್ಗೆ ಒಂದು ಮಾತು. ಸ್ಯಾಂಗ್ವಿನ್ ಎಂಬ ಇಂಗ್ಲಿಷ್ ಪದಕ್ಕೆ ಭರವಸೆ ತುಂಬಿದ ಎಂಬ ಅರ್ಥವಿದೆ, ಅದರ ಬೇರು ಮಾತ್ರ ರಕ್ತದಲ್ಲಿದೆ. ನಮ್ಮ ಯುನಾನಿ ಹಕೀಮರು ನಾಡಿ ಹಿಡಿದು 'ದಮ್ವಿ ಮಿಜಾಜ್' ಎನ್ನುತ್ತಾರಲ್ಲ, ರಕ್ತಪ್ರಧಾನ ಸ್ವಭಾವ, ಅದೇ ಈ ಸ್ಯಾಂಗ್ವಿನ್. ಗ್ರೀಕರಿಂದ ಅರಬರಿಗೂ ಅಲ್ಲಿಂದ ಯುರೋಪಿಗೂ ಓಡಾಡಿದ ಒಂದು ಹಳೆಯ ವೈದ್ಯಶಾಸ್ತ್ರದ ಮಾತು ಕೊನೆಗೆ ಅಣ್ವಸ್ತ್ರದ ಕರೆಗಂಟೆಗೆ ಹೆಸರಾಯಿತು.

ನಕಾಶೆ ನೋಡಿದವರಿಗೆ ಆ ಸೀಮೆ ಖಾಲಿಯಾಗಿ ಕಂಡಿರಬಹುದು. ಅದು ಖಾಲಿ ಇರಲಿಲ್ಲ. ಖಾಲಿ ಮಾಡಲಾಗಿತ್ತು, ಅದೂ ಎರಡು ಸಲ. ಮೊದಲು ಅದು ಒಜಿಬ್ವೆ ಬುಡಕಟ್ಟಿನವರ ನೆಲ. 1837 ಮತ್ತು 1842ರ ಒಪ್ಪಂದಗಳಲ್ಲಿ ಅವರು ಕಾಡನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರು, ಆದರೆ ಬೇಟೆಯಾಡುವ, ಮೀನು ಹಿಡಿಯುವ, ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿಯನ್ನು ಕೊಯ್ಯುವ ಹಕ್ಕನ್ನು ಉಳಿಸಿಕೊಂಡರು. ಆ ಹಕ್ಕು ಕಾಗದದಲ್ಲಿ ಉಳಿದು ಬದುಕಿನಲ್ಲಿ ಅಳಿಸಿಹೋಗಿತ್ತು. ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಲು 1983 ಬರಬೇಕಾಯಿತು. ಎರಡನೆಯದು ಮರದ ವ್ಯಾಪಾರ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಿಳಿ ಪೈನ್ ಮರಗಳನ್ನು ಕಡಿದು ಬೋಳು ಮಾಡಿ, ಕಂಪನಿಗಳು ಬರೀ ಬುಡ್ಡೆಗಳು ತುಂಬಿದ ಆ ನೆಲವನ್ನು ಯುರೋಪಿನಿಂದ ಬಂದ ಬಡವರಿಗೆ ಹೊಲ ಎಂದು ಮಾರಿದವು. ಆ ಕಲ್ಲುನೆಲದಲ್ಲಿ ಎಷ್ಟೋ ಜನ ಸೋತು ಹೋದರು. ಅಂಥ ಕೈಬಿಟ್ಟ ನೆಲದ ಮೇಲೆ 1933ರಲ್ಲಿ ಷಿಕ್ವಾಮಗನ್ ರಾಷ್ಟ್ರೀಯ ಅರಣ್ಯ ರೂಪುಗೊಂಡಿತು. ನೌಕಾಪಡೆ ಬರುವ ಹೊತ್ತಿಗೆ ಆ ಕಾಡಿಗೆ ಮೂವತ್ತೈದು ವರ್ಷ. ಒಮ್ಮೆ ಕಳೆದುಕೊಂಡು ಮರಳಿ ಬೆಳೆಸಿದವರ ಕಾಡು ಅದು. ಅದೇ ಕಾಡಿನ ಕ್ಲಾಮ್ ಲೇಕ್ ಎಂಬ ಪುಟ್ಟ ಊರಿನ ಬಳಿ, 14 ಮೈಲಿ ಉದ್ದದ ಎರಡು ತಂತಿಗಳನ್ನು ಶಿಲುಬೆಯಾಕಾರದಲ್ಲಿ ಎಳೆದು ಪ್ರಯೋಗ ಶುರುವಾಯಿತು.

1969ರಲ್ಲಿ ಸ್ಥಳೀಯರು ಸ್ಯಾಂಗ್ವಿನ್ ತಡೆಯುವ ಸಮಿತಿ ಕಟ್ಟಿಕೊಂಡರು. ಅಧ್ಯಾಪಕರು, ರೈತರು, ಗೃಹಿಣಿಯರು, ಮೀನುಗಾರಿಕೆ ಪ್ರಿಯರು. ಇವರಲ್ಲಿ ಎಲ್ಲರೂ ಯುದ್ಧವಿರೋಧಿಗಳೇನಲ್ಲ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು. ಮನೆಯ ಹುಡುಗರು ಸೈನ್ಯದಲ್ಲಿದ್ದವರೂ ಇದ್ದರು. ಅವರು ಕೇಳಿದ್ದು ಬಹಳ ಸಾಮಾನ್ಯವಾದ ಪ್ರಶ್ನೆಗಳು. ಹಗಲೂ ರಾತ್ರಿ ನೆಲದಲ್ಲಿ ವಿದ್ಯುತ್ತು ಹರಿದರೆ ಎರೆಹುಳುವಿಗೆ ಏನಾಗುತ್ತದೆ? ವಲಸೆ ಹಕ್ಕಿಗಳಿಗೆ ದಿಕ್ಕು ತಪ್ಪುತ್ತದೆಯೇ? ತಂತಿಬೇಲಿಗೆ ಮೂತಿ ತಾಗಿಸಿದ ಹಸು ಹಾಲು ಕೊಡುತ್ತದೆಯೇ? ಉದ್ದನೆಯ ಬೇಲಿ, ಟೆಲಿಫೋನ್ ತಂತಿ, ಕಬ್ಬಿಣದ ಕೊಳವೆಗಳಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ ಎಂಬುದನ್ನು ನೌಕಾಪಡೆಯೂ ಅಲ್ಲಗಳೆಯಲಿಲ್ಲ. ಭೂಸಂಪರ್ಕ ಕೊಟ್ಟು ಸರಿಮಾಡುತ್ತೇವೆ ಎಂದಿತು. ಉಳಿದ ಪ್ರಶ್ನೆಗಳಿಗೆ ಅದರ ಬಳಿ ಉತ್ತರವಿರಲಿಲ್ಲ, ಏಕೆಂದರೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಕಾಲ ಅವರ ಜೊತೆಗಿತ್ತು. ಆ ರಾಜ್ಯದ ಸೆನೆಟರ್ ಗೇಲಾರ್ಡ್ ನೆಲ್ಸನ್ ಜನರ ಪರ ನಿಂತರು; 1970ರ ಏಪ್ರಿಲ್ 22ರಂದು ಮೊದಲ ಭೂಮಿ ದಿನವನ್ನು ಆಚರಣೆಗೆ ತಂದವರು ಇವರೇ. ಅದೇ ವರ್ಷದ ಮೊದಲ ದಿನ ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಗೆ ಸಹಿ ಹಾಕಿದ್ದರು. ಸರ್ಕಾರ ಯಾವುದೇ ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಪರಿಸರದ ಮೇಲಾಗುವ ಪರಿಣಾಮವನ್ನು ಬರೆದು ಜನರ ಮುಂದಿಡಬೇಕು ಎಂದು ಈ ಕಾಯಿದೆ ಹೇಳುತ್ತದೆ. ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುವು ಇಲ್ಲಿದೆ. ಅಣ್ವಸ್ತ್ರ ಬೇಕೇ ಬೇಡವೇ ಎಂದು ರೈತನೊಬ್ಬ ಕೇಳಿದರೆ ಅದು ನಿನಗೆ ಸಂಬಂಧಿಸಿದ್ದಲ್ಲ, ದೇಶದ ರಹಸ್ಯ ಎಂದು ಬಾಗಿಲು ಹಾಕಬಹುದು. ಎರೆಹುಳುವಿನ ಬಗ್ಗೆ ಕೇಳಿದರೆ ಕಾನೂನು ಪ್ರಕಾರ ಉತ್ತರ ಕೊಡಲೇಬೇಕು. ಎರೆಹುಳುವಿನ ಹಿಂದೆಯೇ ದೊಡ್ಡ ಪ್ರಶ್ನೆಯೂ ಒಳಗೆ ಬಂತು.

1973ರಲ್ಲಿ ಒಂದು ಎಡವಟ್ಟೂ ಆಯಿತು. ಇಂಥ ಕಾಂತಕ್ಷೇತ್ರದಲ್ಲಿ ಕೂತ ಸ್ವಯಂಸೇವಕರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶ ಏರಿದ್ದನ್ನು ನೌಕಾಪಡೆಯದೇ ಪ್ರಯೋಗಾಲಯ ಗುರುತಿಸಿತು. ನೌಕಾಪಡೆಯೇ ಕರೆದ ವಿಜ್ಞಾನಿಗಳ ಸಮಿತಿ ಇನ್ನಷ್ಟು ಸಂಶೋಧನೆ ನಡೆಯಲಿ ಎಂದಿತು. ಈ ವಿಷಯ ಜನರ ಕಿವಿಗೆ ಬಿದ್ದದ್ದು ತಡವಾಗಿ. ಫಲಿತಾಂಶ ಗಟ್ಟಿಯಾಗಿ ನಿಲ್ಲಲಿಲ್ಲ ನಿಜ. ಆದರೆ ರಕ್ತದಲ್ಲಿ ಏರಿದ ಕೊಬ್ಬಿಗಿಂತ, ಅದನ್ನು ತಮಗೆ ಹೇಳಲಿಲ್ಲ ಎಂಬುದೇ ಜನರನ್ನು ಹೆಚ್ಚು ಕೆರಳಿಸಿತು.

ಮುಂದಿನದು ಜಾಗ ಮತ್ತು ಹೆಸರು ಬದಲಿಸುವ ಆಟ. ರಕ್ಷಣಾ ಸಚಿವ ಮೆಲ್ವಿನ್ ಲೇರ್ಡ್ ಕೂಡ ವಿಸ್ಕಾನ್ಸಿನ್‌ನವರೇ. ಯೋಜನೆ ತಮ್ಮ ರಾಜ್ಯಕ್ಕೆ ಬರುವುದಿಲ್ಲ ಎಂದು ಅಧಿಕಾರ ಬಿಡುವ ಹೊತ್ತಿಗೆ ಹೇಳಿದರು. ನೌಕಾಪಡೆ ಟೆಕ್ಸಾಸ್ ಕಡೆ ನೋಡಿತು, ಅಲ್ಲಿನವರೂ ಬೇಡವೆಂದರು. 1975ರಲ್ಲಿ ಸ್ಯಾಂಗ್ವಿನ್ ಹೋಗಿ 'ಸೀಫೇರರ್' ಬಂತು. ಸಮುದ್ರಯಾನಿ ಎಂದು ಅರ್ಥ, ಕೇಳಲು ಹಿತ. ತಂತಿ ಸುಮಾರು 2,400 ಮೈಲಿಗೆ ಇಳಿದಿತ್ತು, ಜಾಗ ಪಕ್ಕದ ಮಿಷಿಗನ್ ರಾಜ್ಯದ ಉತ್ತರ ಪರ್ಯಾಯ ದ್ವೀಪ. ಅಲ್ಲಿನ ಹಲವು ಜಿಲ್ಲೆಗಳಲ್ಲಿ ಜನ 1976ರಲ್ಲಿ ಮತ ಹಾಕಿ ದೊಡ್ಡ ಅಂತರದಿಂದ ತಿರಸ್ಕರಿಸಿದರು. ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಿಮ್ಮಿ ಕಾರ್ಟರ್, ಜನ ಬೇಡವೆಂದರೆ ಹೇರುವುದಿಲ್ಲ ಎಂದು ಮಾತು ಕೊಟ್ಟರು. ಮಿಷಿಗನ್ ಗವರ್ನರ್ ವಿಲಿಯಂ ಮಿಲಿಕನ್ 1977ರಲ್ಲಿ ನಿರಾಕರಣೆಯ ಅಧಿಕಾರ ಚಲಾಯಿಸಿದರು. ಮರುವರ್ಷ ಸೀಫೇರರ್ ಕೂಡ ಮುಳುಗಿತು.

ಜನ ಗೆದ್ದರು ಎಂದು ಇಲ್ಲಿಗೆ ನಿಲ್ಲಿಸಿಬಿಟ್ಟರೆ ಕಥೆ ಚೆನ್ನಾಗಿರುತ್ತದೆ. ಆದರೆ 1981ರಲ್ಲಿ ರೊನಾಲ್ಡ್ ರೇಗನ್ ಅದನ್ನು ಮೂರನೇ ಹೆಸರಿನಲ್ಲಿ ಎಬ್ಬಿಸಿದರು. ಈ ಸಲ ಅಲಂಕಾರವಿಲ್ಲದ ಹೆಸರು: ಇಎಲ್‌ಎಫ್, ಅತಿ ಕಡಿಮೆ ಕಂಪನ. ವಿಸ್ಕಾನ್ಸಿನ್‌ನಲ್ಲಿ ಇದ್ದ 28 ಮೈಲಿ, ಮಿಷಿಗನ್‌ನಲ್ಲಿ ಹೊಸದಾಗಿ 56 ಮೈಲಿ. ನೆಲದಡಿಯಲ್ಲಲ್ಲ, ಕಂಬಗಳ ಮೇಲೆ. ವಿಸ್ಕಾನ್ಸಿನ್ ರಾಜ್ಯ ಸರ್ಕಾರವೇ ರಕ್ಷಣಾ ಸಚಿವರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಪರಿಸರ ವರದಿ ಹಳೆಯದು, ಹೊಸ ಅಧ್ಯಯನಗಳನ್ನು ಸೇರಿಸಿ ಮತ್ತೆ ಬರೆಯಿರಿ ಎಂದು ನ್ಯಾಯಾಧೀಶೆ ಬಾರ್ಬರಾ ಕ್ರಾಬ್ 1984ರ ಆರಂಭದಲ್ಲಿ ಕೆಲಸ ತಡೆದರು. ಅದೇ ವರ್ಷ ಮೇಲ್ಮನವಿ ನ್ಯಾಯಾಲಯ ಆ ತಡೆಯನ್ನು ತೆಗೆದುಹಾಕಿತು. 1989ರಲ್ಲಿ ಎರಡೂ ಕೇಂದ್ರಗಳು ಒಂದಾಗಿ ಕೆಲಸ ಆರಂಭಿಸಿದವು. ಬರ್ಲಿನ್ ಗೋಡೆ ಬಿದ್ದದ್ದೂ ಅದೇ ವರ್ಷ.

ಇಲ್ಲಿ ಒಂದು ಸೂಕ್ಷ್ಮವಿದೆ. ಲಕ್ಷಾಂತರ ವ್ಯಾಟ್ ಸುಟ್ಟರೂ ಈ ಯಂತ್ರದಿಂದ ಅಲೆಯಾಗಿ ಹೊರಡುತ್ತಿದ್ದದ್ದು ಕೆಲವೇ ವ್ಯಾಟ್. ಮೂರಕ್ಷರದ ಸಂಕೇತ ಕಳಿಸಲು ಹಲವು ನಿಮಿಷ ಬೇಕು. ಸಬ್‌ಮರೀನು ಉತ್ತರ ಕೊಡುವಂತಿಲ್ಲ. ಹಾಗಾಗಿ ಇದು ಮಾತಾಡುವ ಸಾಧನವಲ್ಲ, ಕರೆಗಂಟೆ. ಮೇಲೆ ಬಾ, ಬೇರೆ ರೇಡಿಯೋದಲ್ಲಿ ಆಜ್ಞೆ ಕೇಳು ಎನ್ನುವುದಷ್ಟೆ ಅದರ ಕೆಲಸ. ಮೊದಲ ಯೋಜನೆಯ ತಂತಿ ದಾಳಿಯಲ್ಲೂ ಉಳಿಯಲೆಂದು ನೆಲದಡಿ ಇತ್ತು. ಈಗ ಅದು ಬಯಲಿನ ಕಂಬದ ಮೇಲೆ. ಶತ್ರುವಿನ ಮೊದಲ ಬಾಂಬಿಗೇ ಬೀಳುವ ಗಂಟೆಯನ್ನು ಯಾವಾಗ ಬಾರಿಸುತ್ತೀರಿ, ಶತ್ರುವಿಗಿಂತ ಮೊದಲೇ ತಾನೆ ಎಂದು ಶಾಂತಿ ಹೋರಾಟಗಾರರು ಕೇಳಿದರು. ನೌಕಾಪಡೆ ಇದನ್ನು ಒಪ್ಪಲಿಲ್ಲ. ಜಲಾಂತರ್ಗಾಮಿಗಳು ಆಳದಲ್ಲಿ ಸುರಕ್ಷಿತವಾಗಿರಲಿ ಎಂಬುದಷ್ಟೇ ತನ್ನ ಉದ್ದೇಶ ಎಂದಿತು. ಜನರ ಹೋರಾಟ ಯಂತ್ರವನ್ನು ಚಿಕ್ಕದು ಮಾಡಿತು, ಚಿಕ್ಕದಾದ ಯಂತ್ರ ಇನ್ನಷ್ಟು ಅನುಮಾನಕ್ಕೆ ಕಾರಣವಾಯಿತು. ಇದನ್ನು ಗೆಲುವು ಎನ್ನಬೇಕೋ ಏನೆನ್ನಬೇಕೋ ಎಂದು ಹೋರಾಟಗಾರರೇ ಗೊಂದಲಗೊಂಡಿದ್ದರೆ ಆಶ್ಚರ್ಯವಿಲ್ಲ.

1990ರ ದಶಕದ ಹೋರಾಟದ ಬಣ್ಣ ಬೇರೆ. ಅಮ್ಮಂದಿರ ದಿನದಂದು ಕ್ಲಾಮ್ ಲೇಕ್‌ನಲ್ಲಿ ಜನ ಸೇರುತ್ತಿದ್ದರು. ಬೇಲಿ ದಾಟಿ ಒಳಗೆ ಕಾಲಿಡುವುದು, ದಂಡ ಹಾಕಿಸಿಕೊಳ್ಳುವುದು, ದಂಡ ಕಟ್ಟದೆ ಜೈಲಿಗೆ ಹೋಗುವುದು. ವರ್ಷಗಳಲ್ಲಿ ನೂರಾರು ಜನ ಹೀಗೆ ಪೊಲೀಸರ ಪುಸ್ತಕ ಸೇರಿದರು. ಒಜಿಬ್ವೆ ಜನರೂ ಅವರೊಡನೆ ಬಂದು ನಿಂತರು; ಒಪ್ಪಂದದಲ್ಲಿ ನಾವು ಉಳಿಸಿಕೊಂಡ ಕಾಡು ಇದು ಎಂಬುದು ಅವರ ವಾದ. 1996ರ ಭೂಮಿ ದಿನದಂದು ಇಬ್ಬರು ಗರಗಸ ತಂದು ಕಂಬ ಕೊಯ್ದರು, ಓಡಿಹೋಗದೆ ಪೊಲೀಸರಿಗೆ ತಾವೇ ತಿಳಿಸಿದರು. ವಿಧ್ವಂಸಕ ಕೃತ್ಯದ ಆರೋಪವೂ ಅವರ ಮೇಲೆ ಬಿತ್ತು. ಆಸ್ತಿಗೆ ಹಾನಿ ಮಾಡಿದ್ದು ನಿಜ, ಆದರೆ ದೇಶದ ವಿರುದ್ಧ ವಿಧ್ವಂಸ ಮಾಡಿಲ್ಲ ಎಂದು ಸ್ಥಳೀಯ ಜ್ಯೂರಿ ತೀರ್ಪು ಕೊಟ್ಟಿತು. ಇಬ್ಬರೂ ಜೈಲಿಗೆ ಹೋದರು. ಆ ಜ್ಯೂರಿಯಲ್ಲಿ ಕೂತವರು ದೊಡ್ಡ ಕಾನೂನು ಪಂಡಿತರಲ್ಲ, ಆ ಜಿಲ್ಲೆಯ ಸಾಮಾನ್ಯ ಜನ. ಕಂಬ ಕಡಿಯುವುದನ್ನು ನಾನು ಮೆಚ್ಚುವುದಿಲ್ಲ. ಆದರೆ ದಂಡನೆಗೂ ದೇಶದ್ರೋಹಕ್ಕೂ ನಡುವೆ ಗೆರೆ ಎಳೆದ ಆ ಜ್ಯೂರಿಯನ್ನು ಎಷ್ಟೋ ಸಲ ನೆನೆದಿದ್ದೇನೆ. ಸೈನ್ಯದ ವಿಷಯದಲ್ಲಿ ಒಂದು ಪ್ರಶ್ನೆ ಕೇಳುವ ಮೊದಲು ನನ್ನಂಥ ಹೆಸರಿನವರು ತಮ್ಮ ದೇಶಭಕ್ತಿಯ ಬಗ್ಗೆ ಒಂದು ಪ್ಯಾರಾ ಪೀಠಿಕೆ ಹಾಕಬೇಕಾದ ಕಾಲವಿದು. ಈ ಲೇಖನದಲ್ಲಿ ಅದನ್ನು ಬಿಟ್ಟಿದ್ದೇನೆ.

ಹಾಗಾದರೆ ಎರೆಹುಳುವಿಗೆ ಏನಾಯಿತು? ಜನರ ಒತ್ತಡದಿಂದಾಗಿ 1982ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ನೌಕಾಪಡೆ ಹಣ ಕೊಟ್ಟು ಆ ಕಾಡನ್ನು ಅಧ್ಯಯನ ಮಾಡಿಸಿತು. ಮಣ್ಣಿನ ಸೂಕ್ಷ್ಮಜೀವಿ, ಎರೆಹುಳು, ಜೇನುನೊಣ, ಹಕ್ಕಿ, ಮೀನು, ಮರ ಎಲ್ಲವನ್ನೂ ಎಣಿಸಿದರು, ಅಳೆದರು. ದೊಡ್ಡ ಹಾನಿ ಕಾಣಲಿಲ್ಲ. ಕೆಲವು ಜಾತಿಯ ಮರಗಳು ತಂತಿಯ ಹತ್ತಿರ ತುಸು ಹೆಚ್ಚೇ ಬೆಳೆದಿದ್ದವು! 1997ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಅಧ್ಯಯನಗಳನ್ನು ಪರಿಶೀಲಿಸಿ, ಕೆಲವು ದೌರ್ಬಲ್ಯಗಳನ್ನು ಎತ್ತಿ ತೋರಿಸಿದರೂ ಒಟ್ಟು ತೀರ್ಮಾನವನ್ನು ತಳ್ಳಿಹಾಕಲಿಲ್ಲ. ಇನ್ನೂ ಒಂದು ವಿಚಿತ್ರ: ಆ ಸೀಮೆಯಿಂದ ನಿರ್ನಾಮವಾಗಿದ್ದ ಎಲ್ಕ್ ಎಂಬ ದೊಡ್ಡ ಜಿಂಕೆಗಳನ್ನು 1995ರಲ್ಲಿ ಮಿಷಿಗನ್‌ನಿಂದ 25ರಷ್ಟು ತಂದು ಕ್ಲಾಮ್ ಲೇಕ್ ಬಳಿ ಬಿಟ್ಟರು. ತಂತಿಗಾಗಿ ಮರ ಕಡಿದು ತೆರವು ಮಾಡಿದ ಉದ್ದನೆಯ ಹುಲ್ಲಿನ ಪಟ್ಟಿಯೇ ಅವುಗಳಿಗೆ ಒಳ್ಳೆಯ ಮೇವಿನ ಜಾಗವಾಯಿತು.

ಇದನ್ನು ಓದಿ, ಹಳ್ಳಿಗರ ಭಯವೆಲ್ಲ ಸುಳ್ಳಾಯಿತು ಎನ್ನುವವರಿದ್ದಾರೆ. ಅದು ಸರಿಯಾದ ಓದಲ್ಲ. ಅಧ್ಯಯನ ನಡೆದದ್ದು 84 ಮೈಲಿಯ ತಂತಿಯ ಮೇಲೆ. 6,000 ಮೈಲಿ ಹೂಳಿದ್ದರೆ, ಅದಕ್ಕಾಗಿ ನೆಲ ಬಗೆದಿದ್ದರೆ ಏನಾಗುತ್ತಿತ್ತು ಎಂಬುದು ಆ ವರದಿಯಲ್ಲಿಲ್ಲ. ಜನ ಕೇಳದೇ ಹೋಗಿದ್ದರೆ ಆ ಎಣಿಕೆಯೂ ನಡೆಯುತ್ತಿರಲಿಲ್ಲ. ಭಯಪಡುವವರು ಮೊದಲೇ ಪುರಾವೆ ತರಬೇಕೋ, ಬಂಡೆಗೆ ವಿದ್ಯುತ್ತು ಬಿಡುವವರು ತರಬೇಕೋ ಎಂಬುದೇ ಅಲ್ಲಿದ್ದ ವ್ಯಾಜ್ಯ.

ವಿಸ್ಕಾನ್ಸಿನ್ ಸೆನೆಟರ್ ರಸ್ ಫೈನ್‌ಗೋಲ್ಡ್ ಇದನ್ನು ಮುಚ್ಚಿಸಲು ಹಲವು ಸಲ ಮಸೂದೆ ತಂದರು, ಯಾವುದೂ ಪಾಸಾಗಲಿಲ್ಲ. ಕೊನೆಗೆ 2004ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆ ತಾನಾಗಿಯೇ ಎರಡೂ ಕೇಂದ್ರಗಳನ್ನು ಮುಚ್ಚಿತು. ಮೂವತ್ತೈದು ವರ್ಷದ ಪ್ರತಿಭಟನೆಯ ಮಾತೇ ಅದರ ಹೇಳಿಕೆಯಲ್ಲಿರಲಿಲ್ಲ. ಕೊಟ್ಟ ಕಾರಣ: ವಿಎಲ್‌ಎಫ್ ತಂತ್ರಜ್ಞಾನ ಸುಧಾರಿಸಿದೆ, ಇದರ ಅಗತ್ಯವಿಲ್ಲ.

ವಿಎಲ್‌ಎಫ್ ಎಂದರೆ ಇದಕ್ಕಿಂತ ಹೆಚ್ಚಿನ, ಆದರೂ ಸಾಮಾನ್ಯ ರೇಡಿಯೋಗಿಂತ ಬಹಳ ಕಡಿಮೆಯ ಕಂಪನ. ಆಳಕ್ಕೆ ಇಳಿಯದು, ನೀರಿನ ಮೇಲ್ಪದರದಲ್ಲಿ ಕೆಲವು ಮೀಟರ್ ಮಾತ್ರ. ಆದರೆ ಹೆಚ್ಚು ಮಾತು ಹೊರುತ್ತದೆ. ಇದು ನಮಗೆ ದೂರದ ಸಂಗತಿಯೇನಲ್ಲ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ 1990ರಿಂದ ಭಾರತೀಯ ನೌಕಾಪಡೆಯ ವಿಎಲ್‌ಎಫ್ ಕೇಂದ್ರವಿದೆ, ಐಎನ್‌ಎಸ್ ಕಟ್ಟಬೊಮ್ಮನ್. ಎರಡನೆಯದಕ್ಕೆ ಆರಿಸಿದ್ದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಕಾಡನ್ನು. ನಮ್ಮ ಕಲಬುರಗಿ ಜಿಲ್ಲೆಗೆ ಗಡಿ ಹಂಚಿಕೊಂಡಿರುವ ಜಿಲ್ಲೆ ಅದು. ಸೇಡಂ, ಮಳಖೇಡದ ಮುಂದೆ ಹರಿಯುವ ಕಾಗಿಣಾ ಹುಟ್ಟುವುದು ಆ ವಿಕಾರಾಬಾದಿನ ಅನಂತಗಿರಿ ಗುಡ್ಡಗಳಲ್ಲೇ. ಹೈದರಾಬಾದಿನ ಮೂಸಿ ನದಿಯೂ ಅಲ್ಲಿಯದೇ. 1908ರಲ್ಲಿ ಮೂಸಿ ಉಕ್ಕಿ ನಗರವನ್ನು ಮುಳುಗಿಸಿದಾಗ ಉರ್ದು ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡರು. ಆ ಪ್ರವಾಹದ ನಂತರ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಮೇಲೆ ಕಟ್ಟಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳಿಗೆ ನೀರು ಬರುವುದು ಈ ಗುಡ್ಡಗಾಡಿನ ಕಡೆಯಿಂದ.

ನೌಕಾಪಡೆ ದಾಮಗುಂಡವನ್ನು ಗುರುತಿಸಿದ್ದು 2010ರಲ್ಲಿ. ಸುತ್ತಲ ಹಳ್ಳಿಗರು ಮತ್ತು ಹೈದರಾಬಾದಿನ ಪರಿಸರಾಸಕ್ತರು ಸಮಿತಿ ಕಟ್ಟಿಕೊಂಡರು, ಹೈಕೋರ್ಟಿಗೆ ಹೋದರು. ದನ ಮೇಯಿಸುವ ಜಾಗ, ಕಾಡಿನೊಳಗಿನ ರಾಮಲಿಂಗೇಶ್ವರ ದೇವಸ್ಥಾನ, ನದಿಯ ಮೂಲ, ಎಲ್ಲವೂ ಅವರ ಮಾತಿನಲ್ಲಿ ಬಂದವು. 2024ರ ಜನವರಿಯಲ್ಲಿ 1,174 ಹೆಕ್ಟೇರ್ ಅರಣ್ಯವನ್ನು ರಾಜ್ಯ ಸರ್ಕಾರ ನೌಕಾಪಡೆಗೆ ವಹಿಸಿತು. ಅದೇ ವರ್ಷದ ಅಕ್ಟೋಬರ್ 15ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ವೆಚ್ಚ 3,200 ಕೋಟಿ ರೂಪಾಯಿ ಎಂದು ಹೇಳಲಾಯಿತು. ದೇಶದ ಭದ್ರತೆಗೆ ಇದು ಬೇಕು, ದೇವಸ್ಥಾನಕ್ಕೆ ಹೋಗುವ ದಾರಿ ಮುಚ್ಚುವುದಿಲ್ಲ ಎಂಬ ಭರವಸೆಗಳೂ ಬಂದವು. ಬೇಕಿರಬಹುದು. ಜಲಾಂತರ್ಗಾಮಿಗಳನ್ನು ಇಟ್ಟುಕೊಂಡ ದೇಶ ಅವುಗಳ ಜೊತೆ ಮಾತಾಡಲೇಬೇಕು. ಆದರೆ ಆ ಕಾಡಿನಲ್ಲಿ ಎಷ್ಟು ಮರಗಳಿವೆ ಎಂಬ ವಿಷಯದಲ್ಲಿ ಎರಡು ಲೆಕ್ಕಗಳಿದ್ದವು. ಹೋರಾಟಗಾರರು 12 ಲಕ್ಷ ಎಂದರು. ಸರ್ಕಾರ 2 ಲಕ್ಷದೊಳಗೆ ಎಂದಿತು. ಶಂಕುಸ್ಥಾಪನೆಯ ದಿನವೂ ಆ ಎರಡು ಸಂಖ್ಯೆಗಳು ಹಾಗೆಯೇ ಇದ್ದವು.